ಏರಿಯ ಎರಡು ತುದಿ

"ಗುರುಗಳೇ, ಮನುಷ್ಯ ಹಿತವಾದದ್ದರ ಕಡೆಗೇ ವಾಲುತ್ತಾನೆ ಎನ್ನುತ್ತೀರಿ. ಆದರೆ ನಾನು ಏನೇ ಮಾಡುವುದಿದ್ದರೂ ಕಾರಣ ತೂಗಿ ನೋಡಿಯೇ ಮಾಡುತ್ತೇನೆ. ಕಾರಣ ಸರಿಯಿದ್ದ ಮೇಲೆ ಹಿತಕ್ಕೆ ಅಲ್ಲೇನು ಕೆಲಸ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೀರಗಂಟಿ ಇದ್ದ. ಕೆರೆ ಕಾಯುವುದು, ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು ಅವನ ಕೆಲಸ. ಅಂತಿಂಥವನಲ್ಲ. ಅಂಗಾಲು ಊರಿದರೆ ಸಾಕು, ಏರಿಯ ಮಣ್ಣು ಎಲ್ಲಿ ಸಡಿಲಾಗಿದೆ ಎಂದು ಹೇಳಿಬಿಡುತ್ತಿದ್ದ. ಸುತ್ತ ಏಳು ಹಳ್ಳಿಯಲ್ಲಿ ಅಂಥ ಕಾಲು ಇನ್ನೊಂದಿರಲಿಲ್ಲ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು.

ಕೆರೆ ತುಂಬಿದಾಗ ಒಂದು ಕಟ್ಟಳೆ. ನೀರಗಂಟಿ ದಿನಾ ಬೆಳಗ್ಗೆ ಏರಿಯ ಎರಡು ತುದಿಯನ್ನೂ ಮುಟ್ಟಿ ಬರಬೇಕು. ಏಡಿ ತೋಡಿದ ಬಿಲಗಳಿಗೆ ಹುಲ್ಲು, ಜೇಡಿಮಣ್ಣು ತುರುಕಿ ಮೆಟ್ಟಬೇಕು. ಏರಿಯ ಹಿಂಬದಿಯಲ್ಲಿ ತಿಳಿನೀರು ಜಿನುಗಿದರೆ ಚಿಂತೆಯಿಲ್ಲ. ಕೆಂಪುನೀರು ಜಿನುಗಿದರೆ ಒಳಗೆ ಮಣ್ಣು ಕರಗುತ್ತಿದೆ ಎಂದೇ ತಿಳಿಯಬೇಕು.

ಮೂಡಣ ತುದಿಯಲ್ಲಿ ತೂಬಿತ್ತು. ಅದರ ಪಕ್ಕ ಒಬ್ಬ ಮುದಿ ಪೈಲ್ವಾನ ಕೂರುತ್ತಿದ್ದ. ನೀರಗಂಟಿಯನ್ನು ಕಂಡೊಡನೆ, "ಬಾರಯ್ಯಾ ಕೆರೆಯ ದೊರೆ! ನೀನು ಮೆಟ್ಟಿದ ಮಣ್ಣು ಕಲ್ಲಾಗ್ತದೆ ಕಣಯ್ಯಾ" ಎಂದು ಎಲೆಅಡಿಕೆ ಮುಂದಿಡುತ್ತಿದ್ದ. ಪಡುವಣ ತುದಿಯ ಕೆಳಗೆ ನೀರಗಂಟಿಯ ತಂಗಿಯ ಗುಡಿಸಲಿತ್ತು. ಗಂಡನಿಲ್ಲದ ಹೆಂಗಸು, ಬಾಯಿ ಮಾತ್ರ ಮಸೆದ ಕುಡುಗೋಲು. "ಬಂದೆಯಾ ಅಣ್ಣಾ? ಈ ಏಡಿಗಳು ನಿನಗಿಂತ ನಿಯತ್ತಾಗಿ ಕೆಲಸ ಮಾಡ್ತವೆ ನೋಡು" ಎನ್ನುತ್ತಿದ್ದಳು.

ನೀರಗಂಟಿ ದಿನವೂ ಮೂಡಣದಿಂದಲೇ ಶುರುಮಾಡುತ್ತಿದ್ದ. ಪಡುವಣ ಉಳಿದುಹೋಗುತ್ತಿತ್ತು. ಒಂದು ದಿನ ಮಂಡಿ ಹಿಡಿಯಿತು. ಒಂದು ದಿನ ಬಿಸಿಲೇರಿತು. ಇನ್ನೊಂದು ದಿನ ಯಾರದೋ ಗದ್ದೆಗೆ ನೀರು ತಿರುಗಿಸುವುದಿತ್ತು. ಕಾರಣ ಒಂದೂ ಸುಳ್ಳಲ್ಲ.

ಒಂದು ಬೆಳಗ್ಗೆ ತಂಗಿ ಪೈಲ್ವಾನ ಕೂತಲ್ಲಿಗೇ ಏದುಸಿರು ಬಿಡುತ್ತ ಬಂದಳು. "ಅಣ್ಣಾ, ನಿನ್ನೆವರೆಗೆ ತಿಳಿಯಾಗಿದ್ದ ನೀರು ಇವತ್ತು ಕೆಂಪಗಾಗಿದೆ. ಎದ್ದು ಬಾ."

"ನಾಳೆ ಮೊದಲು ಅಲ್ಲಿಗೇ ಬರ್ತೀನಿ, ಹೋಗು."

"ಬಾ ಬಾ, ನಾಳೆಯೇ ಬಾ. ನಾನು ತೇಲ್ತಾ ಇರ್ತೀನಿ, ನೀನು ದಡದಲ್ಲಿ ನಿಂತು ಎಲೆ ಅಗಿ."

ಪೈಲ್ವಾನ ಹೊಟ್ಟೆ ಕುಣಿಸಿ ನಕ್ಕ. "ದೊರೆಯನ್ನೇ ಗದರಿಸ್ತಾಳಲ್ಲಯ್ಯಾ!" ನೀರಗಂಟಿಯೂ ನಕ್ಕ. ಒಳಗೆ ಮಾತ್ರ ಮುಳ್ಳು ಮುರಿದಂತಾಯಿತು.

ಮರುದಿನ ಅವನು ಏರಿಯ ನಡುವೆ ಹತ್ತಿ ನಿಂತ. ಮಾತು ಕೊಟ್ಟದ್ದು ನೆನಪಿತ್ತು. ಪಡುವಣಕ್ಕೆ ನಾಲ್ಕು ಹೆಜ್ಜೆ ಇಟ್ಟ. ತಂಗಿಯ ಬಾಯಿ ಕಣ್ಣಮುಂದೆ ಬಂತು. ಏಳು ಹಳ್ಳಿಗೆ ಹೆಸರಾದ ಆ ಕಾಲು ಅಲ್ಲೇ ನಿಂತಿತು. 'ತೂಬು ಅಂದರೆ ಕೆರೆಯ ಜೀವ. ಅದನ್ನು ನೋಡದೆ ಬೇರೆ ಕಡೆ ಹೋಗುವುದು ನೀರಗಂಟಿಯಾದವನಿಗೆ ತರವೇ?' ಎಂದುಕೊಂಡ. ತಿರುಗಿದ.

ಎಲೆಗೆ ಸುಣ್ಣ ಸವರುತ್ತಿದ್ದಾಗ ಸದ್ದು ಕೇಳಿತು.

ಪಡುವಣ ತುದಿ ಒಡೆದಿತ್ತು. ನೀರು ಇಳಿದ ಮೇಲೆ ತಂಗಿಯ ಹೆಣ ಸಿಕ್ಕಿತು. ಎರಡೂ ಮುಷ್ಟಿಯಲ್ಲಿ ಹುಲ್ಲು ಬಿಗಿಯಾಗಿತ್ತು. ಅಣ್ಣ ಬರುವುದನ್ನು ಕಾದು ಕಾದು, ಬಿಲ ಮುಚ್ಚಲು ತಾನೇ ಹೋಗಿದ್ದಳು.

"ಯಾಕಯ್ಯಾ ಹೋಗಲಿಲ್ಲ?" ಎಂದು ಊರವರು ಕೇಳಿದರು.

"ಮೊದಲು ತೂಬು ನೋಡಬೇಕಿತ್ತು" ಎಂದ ನೀರಗಂಟಿ. ಅವನು ಸುಳ್ಳು ಹೇಳಲಿಲ್ಲ. ಸಾಯುವವರೆಗೂ ಅದನ್ನೇ ನಂಬಿದ್ದ.

ಗುರುಗಳು ನಿಲ್ಲಿಸಿದರು. ಶಿಷ್ಯನ ಎದೆ ಉಬ್ಬಿತ್ತು, ಕಣ್ಣು ಕೆಂಪಾಗಿತ್ತು.

"ಥೂ, ಹೊಗಳಿಕೆಗೆ ಬಾಯಿ ಬಿಡುವ ಅವಿವೇಕಿ! ಒಂದು ಎಲೆಅಡಿಕೆಗೆ ಒಡಹುಟ್ಟಿದವಳನ್ನು ಕೊಂದ. ನಾನಾಗಿದ್ದರೆ ಹಿಂದೆಮುಂದೆ ನೋಡದೆ ಪಡುವಣಕ್ಕೇ ಓಡುತ್ತಿದ್ದೆ" ಎಂದ.

ಗುರುಗಳು ಅವನ ಮುಖವನ್ನೇ ನೋಡುತ್ತ ಕೇಳಿದರು: "ಈ ಮಾತು ಆಡುವಾಗ ಎಷ್ಟು ಹಿತವಾಯಿತು, ಮಗೂ?"