ಸರಾಸರಿ ಇಪ್ಪತ್ತು ನಿಮಿಷ

"ರೋಗಿ ಕಾಯೋದು ಸರಾಸರಿ ಇಪ್ಪತ್ತೇ ನಿಮಿಷ. ಎರಡನೇ ಡಾಕ್ಟರು ನಾಳೆಯಿಂದ ಬೇಡ," ಎಂದರು ಆಸ್ಪತ್ರೆಯ ಹೊಸ ಮ್ಯಾನೇಜರು.

ಚೀಟಿ ಕೊಡುವ ನೀಲವ್ವ ಕಾಯುತ್ತಿದ್ದವರತ್ತ ನೋಡಿದಳು. ಇಬ್ಬರು ಡಾಕ್ಟರಿದ್ದಾಗಲೇ ಜನ ಬೆಂಚಿನ ಮೇಲೆ ನರಳುತ್ತಿದ್ದರು.

"ಆಗಲಿ ಸಾಹೇಬ್ರ. ಬರೀ ಇಪ್ಪತ್ತ ನಿಮಿಷ ಅಲ್ಲೇನ್ರಿ, ನೀವೂ ಬಿಪಿ ತೋರಿಸ್ಕೊಂಡು ಹೋಗ್ರಿ," ಎಂದು ಅವರಿಗೂ ಚೀಟಿ ಕೊಟ್ಟಳು. ಆಗ ಹನ್ನೊಂದು ಗಂಟೆ.

ಒಂದು ತಾಸಾಯಿತು. ಸಾಹೇಬರು ಕೂಗಾಡಿದರು. "ಇನ್ನೂ ಎಷ್ಟೊತ್ತು?"

"ನಿಮ್ಮ ಇಪ್ಪತ್ತು ನಿಮಿಷ ಯಾವಾಗೋ ಮುಗದಾವ್ರಿ. ಬೆಳಿಗ್ಗೆ ಏಳಕ್ಕ ಬಂದವ್ರು ಒಂದ ನಿಮಿಷಾನೂ ಕಾಯದ ತೋರಿಸ್ಕೊಂಡು ಹೋದ್ರಲ್ರಿ, ಸರಾಸರಿ ಇಪ್ಪತ್ತ ಆಗಬೇಕಲ್ಲ, ಈಗ ನೀವು ಕುಂತದ್ದು ಅವರ ಪಾಲಿಂದು."

ಪಕ್ಕದಲ್ಲಿ ಜ್ವರದ ಕೂಸನ್ನು ಮಡಿಲಲ್ಲಿಟ್ಟುಕೊಂಡಿದ್ದ ತಾಯಿ ಮೆಲ್ಲಗೆ, "ನಾನೂ ಎರಡು ತಾಸಿಂದ ಅವರ ಪಾಲಿಂದೇ ಕುಂತೇನ್ರಿ," ಎಂದಳು.

ಸಾಹೇಬರು ತಮ್ಮ ಮಾತನ್ನು ಹಿಂದಕ್ಕೆ ಪಡೆದರು. ಎರಡನೇ ಡಾಕ್ಟರು ಉಳಿದರು. ಮೂರನೇ ಡಾಕ್ಟರು ಬೇಕೆಂದು ಕೇಳುವ ಧೈರ್ಯ ಮಾತ್ರ ನೀಲವ್ವನಿಗೂ ಆಗಲಿಲ್ಲ.