ಮಾತಿನ ಗುಂಡಿಯ ಮೇಲೆ ಬಿದ್ದ ಪುಸ್ತಕ

"ತಪ್ಪನ್ನು ತಪ್ಪು ಎಂದು ಹೇಳಿದರೆ ಅದರಲ್ಲಿ ತಪ್ಪೇನು ತಾಯಿ?" ಎಂದು ಕೊಟ್ರೇಶ ಕೇಳಿದ.

ಹಂಪಮ್ಮತಾಯಿ ಅವರೆಕಾಯಿ ಸುಲಿಯುತ್ತಿದ್ದರು. ಅವರು ಆ ಮಠದ ಗುರು. ಕೊಟ್ರೇಶ ಅವರ ಹಿರಿಯ ಶಿಷ್ಯ. ಹಿಂದಿನ ವಾರ ಸಂಜೆಯ ಭಜನೆಯಲ್ಲಿ ದುರುಗಮ್ಮ ಎಂಬ ಹೊಸಬಳು ಪದದ ಸಾಲೊಂದನ್ನು ಹಿಂದುಮುಂದು ಮಾಡಿ ಹಾಡಿದ್ದಳು. ಕೊಟ್ರೇಶ ತಾಳ ನಿಲ್ಲಿಸಿ ಎಲ್ಲರ ಮುಂದೆ ತಿದ್ದಿದ್ದ. ಅಂದಿನಿಂದ ಅವಳು ಭಜನೆಗೆ ಬರುತ್ತಾಳೆ, ಕಂಬಕ್ಕೆ ಒರಗಿ ಕೂರುತ್ತಾಳೆ, ಬಾಯಿ ಮಾತ್ರ ಬಿಡುವುದಿಲ್ಲ.

"ತಿದ್ದಿದ್ದರಲ್ಲಿ ತಪ್ಪಿಲ್ಲಪ್ಪ," ಎಂದರು ತಾಯಿ. "ಆದರೆ ದುರುಗಮ್ಮ ಪದ ತಪ್ಪಿದ ಸುದ್ದಿ ನನಗೆ ಅಡುಗೆಮನೆಯಲ್ಲಿ ಒಮ್ಮೆ ಬಂತು, ನಲ್ಲಿಯ ಹತ್ತಿರ ಒಮ್ಮೆ ಬಂತು. ಹಾಲಿನವನು ಹಾಲಿನ ಜೊತೆ ಅದನ್ನೂ ಅಳೆದು ಹಾಕಿ ಹೋದ. ಭಜನೆಯಲ್ಲಿ ನಾನೇ ಕೂತಿದ್ದೆ, ಆದರೂ ಮೂರು ಸಲ ಕೇಳಬೇಕಾಯಿತು. ಕೂತ್ಕೋ, ಒಂದು ಕತೆ ಹೇಳುತ್ತೇನೆ."

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಮಧ್ಯಾಹ್ನ ಒಂದು ಗಂಟೆಗೆ ಅಂಗಡಿಯ ಬಾಗಿಲು ಎಳೆದರೆ ಮತ್ತೆ ತೆಗೆಯುವುದು ನಾಲ್ಕಕ್ಕೆ. ಊರೆಲ್ಲ ಉಂಡು ಅಡ್ಡಾಗುವ ಆ ಹೊತ್ತಿನಲ್ಲಿ ಅವನು ಅಂಗಡಿಯ ಮೇಲಿನ ಒಂಟಿ ಕೋಣೆಗೆ ಹತ್ತಿ ವಿಮಾನ ಹಾರಿಸುತ್ತಿದ್ದ.

ನಿಜದ ವಿಮಾನವಲ್ಲ, ಕಂಪ್ಯೂಟರಿನೊಳಗಿನದು. ಹಾಗೆಂದು ಆಟ ಎಂದರೆ ಅವನಿಗೆ ಸಿಟ್ಟು ಬರುತ್ತಿತ್ತು. ಬೇರೆ ಬೇರೆ ಊರಿನವರು ಅವರವರ ಮನೆಯಲ್ಲಿ ಕೂತು ಒಂದೇ ಆಕಾಶದಲ್ಲಿ ಹಾರುತ್ತಿದ್ದರು. ಅವರಲ್ಲೇ ಒಬ್ಬರು ವಿಮಾನ ನಿಲ್ದಾಣದ ಟವರಿನವರಾಗಿ, ನೀನು ಏರು, ನೀನು ಇಳಿ ಎಂದು ರೇಡಿಯೊದಲ್ಲಿ ಅಪ್ಪಣೆ ಕೊಡುತ್ತಿದ್ದರು. ಹೆಚ್ಚಾಗಿ ಆ ಜಾಗದಲ್ಲಿ ಇರುತ್ತಿದ್ದವರು ಕೆಲಸದಿಂದ ನಿವೃತ್ತರಾದ ಒಬ್ಬ ಮೇಷ್ಟ್ರು.

ಆ ಆಕಾಶಕ್ಕೂ ಕಟ್ಟಳೆ ಇದೆ. ಗುಂಡಿ ಒತ್ತಿದರೆ ಮಾತ್ರ ಮಾತು ಹೋಗುತ್ತದೆ. ಒಬ್ಬನ ಗುಂಡಿ ಒತ್ತಿರುವ ತನಕ ಉಳಿದವರ ಮಾತು ಯಾರಿಗೂ ಮುಟ್ಟುವುದಿಲ್ಲ. ಟವರಿನ ಅಪ್ಪಣೆಯನ್ನು ಕೇಳಿದವನು ಹಾಗೇ ತಿರುಗಿ ಹೇಳಬೇಕು. ತಪ್ಪಿ ಹೇಳಿದರೆ ಬೈಯುವುದಿಲ್ಲ. ಸರಿಯಾದದ್ದನ್ನು ಇನ್ನೊಮ್ಮೆ ಹೇಳುತ್ತಾರೆ, ಅವನು ಇನ್ನೊಮ್ಮೆ ತಿರುಗಿ ಹೇಳುತ್ತಾನೆ. ಅಲ್ಲಿಗೆ ಮುಗಿಯಿತು. ಕೆಲಸದ ಮಾತಲ್ಲದೆ ಬೇರೆ ಮಾತು ಆಡುವ ಹಾಗಿಲ್ಲ.

ವ್ಯಾಪಾರಿಗೆ ಮಾತ್ರ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಅವನು ಒಂದು ದಪ್ಪ ಪುಸ್ತಕ ಇಟ್ಟಿದ್ದ. ಯಾರು, ಯಾವ ದಿನ, ಏನು ತಪ್ಪಿ ಹೇಳಿದರು, ಎಲ್ಲವನ್ನೂ ಅದರಲ್ಲಿ ಬರೆದಿಡುತ್ತಿದ್ದ. ಸೊಗಸಾದ ತಪ್ಪು ಸಿಕ್ಕಿದರೆ ಆ ದನಿಯನ್ನೇ ಹಿಡಿದಿಟ್ಟು ಎಲ್ಲರ ಫೋನಿಗೂ ಕಳಿಸುತ್ತಿದ್ದ. ಕೆಳಗೆ 'ಕಲಿಯಲೆಂದು' ಎಂದು ಬರೆಯುತ್ತಿದ್ದ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಎತ್ತಿ ತೋರಿಸುವವರು ಇರುತ್ತಾರಲ್ಲ, ಆ ಪೈಕಿ. ಆದರೂ ಒಂದು ಮಾತು ಒಪ್ಪಬೇಕು. ರೇಡಿಯೊದಲ್ಲಿ ಅವನ ನಾಲಗೆ ಒಂದು ದಿನವೂ ತಪ್ಪಿದ್ದಿಲ್ಲ.

ಒಬ್ಬ ನರ್ಸು ಅಲ್ಲಿಗೆ ಹೊಸದಾಗಿ ಬಂದಳು. ಮೇಷ್ಟ್ರು ಅವಳಿಗೆ ಎಡಕ್ಕೆ ತಿರುಗಲು ಹೇಳಿದರು. ಅವಳು ಬಲಕ್ಕೆ ಎಂದು ತಿರುಗಿ ಹೇಳಿದಳು. ಅವರು ತಿದ್ದಿದರು. ಗಾಬರಿಯಲ್ಲಿ ಮತ್ತೆ ಬಲಕ್ಕೆ ಎಂದಳು, ಆಮೇಲೆ "ಅಯ್ಯೋ ದೇವರೇ" ಎಂದಳು. ವ್ಯಾಪಾರಿಗೆ ಹಬ್ಬ. ಆ "ಅಯ್ಯೋ ದೇವರೇ" ಸಂಜೆಯೊಳಗೆ ಮನೆಮನೆಗೂ ಮುಟ್ಟಿತು. ಅವಳಿಗೂ ಕಳಿಸಿ, "ತಂಗೀ, ಸೂಜಿ ಹಾಕುವಾಗಲೂ ಎಡಗೈ ಬಲಗೈ ಹೀಗೇನಾ?" ಎಂದು ಬೇರೆ ಕೇಳಿದ.

ಮೇಷ್ಟ್ರು ಅವನಿಗೆ ಫೋನು ಮಾಡಿದರು. "ನಾನು ತಿದ್ದಿದ್ದಾಯ್ತಲ್ಲ ಯಜಮಾನ್ರೇ. ಬಿಟ್ಟುಬಿಡಿ."

"ಬಿಟ್ಟರೆ ಕಲಿಯೋದು ಹೇಗೆ ಮೇಷ್ಟ್ರೇ? ನಿಮ್ಮ ಮೆತ್ತನೆ ಬಾಯಿಂದಲೇ ಜನ ಕೆಟ್ಟಿರೋದು."

ನರ್ಸು ಹಾರುವುದನ್ನು ಬಿಡಲಿಲ್ಲ, ಮಾತು ಬಿಟ್ಟಳು. ಅಪ್ಪಣೆಯನ್ನು ಪರದೆಯ ಮೇಲೆ ಬರೆದು ಒಪ್ಪಿಸತೊಡಗಿದಳು. ಎರಡು ತಿಂಗಳು ಆ ಆಕಾಶದಲ್ಲಿ ಅವಳ ದನಿ ಇರಲಿಲ್ಲ.

ವ್ಯಾಪಾರಿ ದಿನಾ ಎರಡು ಗಂಟೆಗೆ ವಿಮಾನ ಇಳಿಸಿ, ಗುಂಡಿ ಒತ್ತಿ, "ಬರ್ತೀನಿ ಸ್ವಾಮಿ, ಮನೆಯಾಕೆ ಎಲೆ ಹಾಕಿ ಕಾಯ್ತಾ ಇದ್ದಾಳೆ" ಎನ್ನುತ್ತಿದ್ದ. ಅದು ಕೆಲಸದ ಮಾತಲ್ಲ. ಆದರೆ ಆ ಒಂದು ಮಾತಿಗೆ ಅವನ ಪುಸ್ತಕದಲ್ಲಿ ಮಾಫಿ ಇತ್ತು.

ಮನೆಯಾಕೆ ಎಲ್ಲಿಂದ ಬಂದಳು? ಅವಳು ಅವನನ್ನು ಬಿಟ್ಟು ಹೋಗಿ ಆರು ವರ್ಷವಾಗಿತ್ತು. ಯಾಕೆ ಹೋದಳು ಎಂಬುದಕ್ಕೆ ಆ ಊರಿನಲ್ಲಿ ಮೂರು ಕತೆ ಓಡಾಡುತ್ತವೆ. ಮೂರೂ ನನಗೆ ಗೊತ್ತು, ಮೂರೂ ಬಲು ರುಚಿ, ಮೂರೂ ಸುಳ್ಳು.

ಅಂಗಡಿಗೆ ಬಂದವರು ತಂಬಿಗೆ ತಟ್ಟಿ ನೋಡುತ್ತಿದ್ದರು, ಬೆಲೆ ಕೇಳುತ್ತಿದ್ದರು, ಹೋಗುತ್ತಿದ್ದರು. ಉಂಡಿರಾ ಎಂದು ಕೇಳುವವರು ಒಬ್ಬರಿಲ್ಲ. ಇಡೀ ದಿನದಲ್ಲಿ ಅವನನ್ನು ಕರೆಯುತ್ತಿದ್ದದ್ದು ಆ ರೇಡಿಯೊ ಒಂದೇ. ಅದೂ ಹೆಸರು ಹಿಡಿದಲ್ಲ, ವಿಮಾನದ ನಂಬರು ಹಿಡಿದು. ಆ ನಂಬರು ಕೇಳಿದರೆ ಸಾಕು, ಅವನ ಬೆನ್ನು ನೆಟ್ಟಗಾಗುತ್ತಿತ್ತು.

ಒಂದು ದಿನ ಎರಡು ಗಂಟೆಗೆ ಎಂದಿನಂತೆ ಆ ಮಾತು ಹೇಳಿ ಎದ್ದ. ಏಳುವಾಗ ತಪ್ಪಿನ ಪುಸ್ತಕವನ್ನು ಮೇಜಿನ ಮೇಲೆ ಎಸೆದ. ಅದರ ಮೂಲೆ ಹೋಗಿ ಮಾತಿನ ಗುಂಡಿಯ ಮೇಲೆ ಕೂತಿತು. ಅವನಿಗೆ ಗೊತ್ತಾಗಲಿಲ್ಲ.

ಒಲೆ ಹಚ್ಚಿದ. ಬೆಳಗಿನ ಸಾರು ಬಿಸಿ ಮಾಡಿದ. ಅದೇ ಕೋಣೆಯಲ್ಲಿ, ಮೇಜಿನ ಪಕ್ಕದ ನೆಲದ ಮೇಲೆ ಎರಡು ತಟ್ಟೆ ಇಟ್ಟ. ಎರಡನೆಯ ತಟ್ಟೆಗೆ ಏನೂ ಬಡಿಸಲಿಲ್ಲ. ಅದರ ಎದುರು ಕೂತು ಮಾತಿಗೆ ತೊಡಗಿದ. ಆರು ವರ್ಷದ ಅಭ್ಯಾಸ.

"ಸಾರು ಚೆನ್ನಾಗಿದೆ ಕಣೇ. ಉಪ್ಪು ಜಾಸ್ತಿ ಅಂತ ಇವತ್ತು ಅನ್ನಲ್ಲ. ಜಾಸ್ತಿಯೇನೂ ಇಲ್ಲ. ಅವತ್ತೂ ಇರಲಿಲ್ಲ ಬಿಡು." ಎರಡು ತುತ್ತು ನುಂಗಿದ. "ನಿಮ್ಮಕ್ಕನ ಮನೆಯವರೆಲ್ಲ ಕೂತಿದ್ದಾಗ ಅಂದೆ ನೋಡು, ಅದೊಂದು ಅನ್ನಬಾರದಿತ್ತು. ಎಲ್ಲರೂ ನಕ್ಕರು. ನೀನೂ ನಕ್ಕೆಯಲ್ಲ, ನಾನು ಅದನ್ನ ನಿಜ ಅಂದುಕೊಂಡೆ. ಇರಲಿ. ಇನ್ನೊಂದು ಸೌಟು ಹಾಕು."

ತಾನೇ ಸೌಟು ತೆಗೆದು ಹಾಕಿಕೊಂಡ.

ಎರಡೂ ತಟ್ಟೆ ತೊಳೆದು, ಕೈ ಒರೆಸಿಕೊಂಡು ಮೇಜಿಗೆ ಬಂದಾಗ ಎರಡೂ ಮುಕ್ಕಾಲು. ಪರದೆಯ ಮೇಲೆ ಬರಹ ಕಾಣಿಸಿತು. ಎರಡು ಗಂಟೆ ನಾಲ್ಕು ನಿಮಿಷಕ್ಕೆ ಮೇಷ್ಟ್ರು ಬರೆದಿದ್ದರು: ನಿಮ್ಮ ಗುಂಡಿ ಒತ್ತಿಕೊಂಡಿದೆ, ಬಿಡಿಸಿ. ಆರು ನಿಮಿಷಕ್ಕೆ ಮತ್ತೆ ಅದೇ. ಹತ್ತು ನಿಮಿಷಕ್ಕೆ ಬೇರೊಬ್ಬರು: ಯಜಮಾನ್ರೇ, ಎಲ್ಲಾ ಕೇಳಿಸ್ತಾ ಇದೆ. ಹದಿನೈದಕ್ಕೆ ನರ್ಸು: ಅಣ್ಣಾ, ಕೈ ಮುಗೀತೀನಿ, ಗುಂಡಿ ನೋಡಿ. ಆಮೇಲೆ ಯಾರೂ ಏನೂ ಬರೆದಿರಲಿಲ್ಲ.

ಪುಸ್ತಕ ಎತ್ತಿದ. ಗುಂಡಿ ಮೇಲೆದ್ದಿತು. ಆ ಹೊತ್ತು ರೇಡಿಯೊದಲ್ಲಿ ಇದ್ದವರ ಪಟ್ಟಿ ಪರದೆಯ ಮೂಲೆಯಲ್ಲಿತ್ತು. ಹನ್ನೊಂದು ಜನ.

ಮನೆಯಾಕೆಯ ಸುಳ್ಳು ಬಯಲಾಯಿತು, ಮರ್ಯಾದೆ ಹೋಯಿತು. ಅದು ಹಾಳಾಗಲಿ, ನಾಳೆಯಿಂದ ತನ್ನ ನಂಬರನ್ನು ಕರೆಯುವವರು ಯಾರು? ಸಂಜೆಯೊಳಗೆ ತನ್ನ ದನಿ ಎಲ್ಲರ ಫೋನಿಗೂ ಬರುತ್ತದೆ ಎಂದು ಅವನಿಗೆ ಖಾತ್ರಿಯಾಯಿತು. ತಾನಾಗಿದ್ದರೆ ಸಂಜೆಯ ತನಕವೂ ತಡೆಯುತ್ತಿರಲಿಲ್ಲ. ಉಪ್ಪಿನ ಮಾತಿನ ಕೆಳಗೆ 'ಕಲಿಯಲೆಂದು' ಎಂದು ಬರೆದೂ ಇರುತ್ತಿದ್ದ.

ಕಂಪ್ಯೂಟರು ಆರಿಸಿದ. ನಾಲ್ಕು ದಿನ ಹಚ್ಚಲಿಲ್ಲ. ಮಧ್ಯಾಹ್ನದ ಹೊತ್ತು ಬಾಗಿಲು ಎಳೆದ ಅಂಗಡಿಯೊಳಗೆ, ಕೊಡ ಕೊಳಗಗಳ ನಡುವೆ, ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಅದು ಸದ್ದು ಮಾಡಿದಾಗಲೆಲ್ಲ ಬೆಚ್ಚಿ ನೋಡಿದ. ಒಮ್ಮೆ ಗ್ಯಾಸಿನವರದು, ಒಮ್ಮೆ ಯಾರದೋ ಲಗ್ನಪತ್ರಿಕೆ. ಊಟಕ್ಕೆ ಒಂದೇ ತಟ್ಟೆ ಇಟ್ಟ. ಅದರ ಮುಂದೆ ಒಂದು ಮಾತೂ ಆಡಲಿಲ್ಲ. ನಾಲ್ಕನೆಯ ದಿನಕ್ಕೆ, ಯಾರಾದರೂ ನಕ್ಕಾದರೂ ನಗಬಾರದೆ ಎನಿಸಿತು.

ಐದನೆಯ ದಿನ ಮೇಲೆ ಹತ್ತಿದ. ವಿಮಾನ ಏರಿಸಿದ. ಇಳಿಯುವ ಹೊತ್ತಿಗೆ ಮೇಷ್ಟ್ರು ಅವನ ನಂಬರು ಕರೆದು, ಎಡಕ್ಕೆ ತಿರುಗಲು ಹೇಳಿದರು. ಅವನು ಗುಂಡಿ ಒತ್ತಿದ. "ಬಲಕ್ಕೆ" ಎಂದುಬಿಟ್ಟ.

ಅವನು ನಗುವಿಗಾಗಿ ಕಾದ. ಮೇಷ್ಟ್ರು ಅದೇ ದನಿಯಲ್ಲಿ ಇನ್ನೊಮ್ಮೆ ಎಡಕ್ಕೆ ಎಂದರು. ಅವನೂ ಎಡಕ್ಕೆ ಎಂದ. ಅಲ್ಲಿಗೆ ಮುಗಿಯಿತು.

ಇಳಿದ. ಎರಡು ಗಂಟೆಯಾಗಿತ್ತು. ದಿನಾ ಹೇಳುತ್ತಿದ್ದ ಮಾತು ಬಾಯಿಗೆ ಬರಲಿಲ್ಲ. ಗುಂಡಿ ಒತ್ತಿದ, ಬಿಟ್ಟ. ಮತ್ತೆ ಒತ್ತಿ, "ಬರ್ತೀನಿ" ಎಂದಷ್ಟೇ ಹೇಳಿದ.

ಆಗ ಒಂದು ಹೆಣ್ಣುದನಿ ಬಂತು. ಎರಡು ತಿಂಗಳಿಂದ ಅಲ್ಲಿ ಇರದಿದ್ದ ದನಿ.

"ಉಂಡು ಬನ್ನಿ ಅಣ್ಣಾ. ನಾವೆಲ್ಲ ಇಲ್ಲೇ ಇರ್ತೀವಿ."

ಅದು ಕೆಲಸದ ಮಾತಲ್ಲ. ಮೇಷ್ಟ್ರು ತಡೆಯಲಿಲ್ಲ. ವ್ಯಾಪಾರಿ ಪುಸ್ತಕಕ್ಕೆ ಕೈ ಹಾಕಲಿಲ್ಲ.

ಹಂಪಮ್ಮತಾಯಿ ಕತೆ ನಿಲ್ಲಿಸಿ ಮೊರದಲ್ಲಿ ಉಳಿದ ಕಾಯಿಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಕೊಟ್ರೇಶ ಬಗ್ಗಿ, ದನಿ ತಗ್ಗಿಸಿ ಕೇಳಿದ: "ಹನ್ನೊಂದು ಜನದಲ್ಲಿ ಒಬ್ಬರಾದರೂ ಹೊರಗೆ ಆಡಿಕೊಂಡಿರಲೇಬೇಕಲ್ಲ ತಾಯಿ? ಇಲ್ಲದಿದ್ದರೆ ಅವನ ಕೋಣೆಯ ಮಾತು ನಿಮ್ಮ ಕಿವಿಯವರೆಗೆ ಹೇಗೆ ಬಂತು?"

"ಆ ಹನ್ನೊಂದು ಜನ ಕೇಳಿದ್ದನ್ನು ನನಗೆ ಹೇಳಿದವನು ಆ ವ್ಯಾಪಾರಿ ಒಬ್ಬನೇ, ಕೊಟ್ರೇಶ."