ಈಟಿಯ ವಂಶಾವಳಿ

ಗ್ರೀಕರ ನಾಡಿನ ಯುದ್ಧಭೂಮಿಯೊಂದರಲ್ಲಿ ಹಳೇ ಗುರಾಣಿಯೊಂದಿತ್ತು. ಅದರ ಎತ್ತಿನ ತೊಗಲು ಬಿರುಕು ಬಿಟ್ಟಿತ್ತು. ಇನ್ನೊಂದೇ ಏಟು ಬಿದ್ದರೆ ತಾನೂ ಹೋದೆ, ಹಿಂದೆ ನಿಂತ ಒಡೆಯನೂ ಹೋದ ಎಂದು ಅದಕ್ಕೆ ಗೊತ್ತಿತ್ತು. ಎದುರಿಗೆ, ಶತ್ರುವಿನ ಕೈಯಲ್ಲಿ, ಕಂಚಿನ ಮೊನೆಯ ಈಟಿ ಕೆಂಡ ಕಾರುತ್ತಿತ್ತು.

"ನಿನ್ನೆ ಎಲ್ಲರೆದುರು ನನ್ನನ್ನು ನೆಲಕ್ಕೆ ಕೆಡವಿದೆಯಲ್ಲ, ಇವತ್ತು ನಿನ್ನನ್ನು ಸೀಳದೆ ಬಿಡೆನು!"

"ಸೀಳಿರಿ, ಸ್ವಾಮಿ," ಎಂದಿತು ಗುರಾಣಿ. "ಆದರೆ ಹೊಡೆಯುವ ಮುನ್ನ ವಂಶ ಹೇಳುವುದು ವೀರರ ಪದ್ಧತಿಯಲ್ಲವೇ? ಎಂಥವರ ಕೈಯಲ್ಲಿ ಸತ್ತೆನೆಂದು ನಾನೂ ಹೆಮ್ಮೆಪಡಬೇಡವೇ?"

ಈಟಿ ಸೆಟೆದು ನಿಂತಿತು. ತಾನು ಹುಟ್ಟಿದ ಬೆಟ್ಟ, ಅಪ್ಪ ಕೊಂದ ಏಳು ವೀರರು, ಅಜ್ಜ ಕೊಂದ ಹನ್ನೊಂದು ವೀರರು, ಹೀಗೆ ಹೇಳುತ್ತಲೇ ಹೋಯಿತು. ಹೇಳಿ ಮುಗಿಯುವ ತನಕ ತನ್ನ ಒಡೆಯನ ಕೈಬಿಟ್ಟು ಕದಲಲೊಲ್ಲದು. ಗುರಾಣಿ "ಆಮೇಲೆ? ಆಮೇಲೆ?" ಎನ್ನುತ್ತಾ ಓರೆಗಣ್ಣಲ್ಲಿ ಸೂರ್ಯನನ್ನೇ ನೋಡುತ್ತಿತ್ತು.

ಹೊತ್ತು ಮುಳುಗಿತು. ಕತ್ತಲಾದ ಮೇಲೆ ಕಾಳಗವಿಲ್ಲವೆಂದು ಸೇನೆಯ ದೂತನೊಬ್ಬ ಬಂದು ಇಬ್ಬರ ನಡುವೆ ಕೋಲು ಅಡ್ಡ ಹಿಡಿದ. ಗುರಾಣಿ ಉಸ್ಸೆಂದಿತು. ಬೆಳಗಾಗುವುದರೊಳಗೆ ಒಡೆಯ ಹೊಸ ತೊಗಲು ಹೊದಿಸುತ್ತಾನೆ.

ಹೊರಟಿದ್ದ ಈಟಿ ಥಟ್ಟನೆ ತಿರುಗಿತು. ಗುರಾಣಿಯ ಜೀವ ಬಾಯಿಗೆ ಬಂತು.

"ಎಲ್ಲಿಗೆ ನಿಲ್ಲಿಸಿದ್ದೆ?" ಎಂದು ಕೇಳಿತು ಈಟಿ.

"ಮುತ್ತಜ್ಜನ ಮದುವೆಗೆ, ಸ್ವಾಮಿ."

"ಸರಿ. ನಾಳೆ ಬೇಗ ಬಾ, ಅದು ದೊಡ್ಡ ಕಥೆ."